ಕಾಸು ಕಮ್ಮಿ, ಕಲ್ಪನೆ ಜಾಸ್ತಿ: ನನ್ನ ಮೆಚ್ಚಿನ ಸೈ-ಫೈ ಧಾರಾವಾಹಿಗಳು

ಸೈ-ಫೈ ಧಾರಾವಾಹಿ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಬಾಹ್ಯಾಕಾಶ ನೌಕೆ, ಲೇಸರ್ ಬಂದೂಕು, ವಿಚಿತ್ರ ಮುಖದ ಅನ್ಯಗ್ರಹ ಜೀವಿ. ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: ‘ಅದೆಲ್ಲ ದುಡ್ಡಿದ್ದವರ ಆಟ ಮಾರಾಯ, ನಮ್ಮ ಕನ್ನಡದಲ್ಲಿ ಎಲ್ಲಿ ಆಗುತ್ತೆ?’ ಕನ್ನಡ ಗೆಳೆಯರು ಸೇರಿದಾಗಲೆಲ್ಲ ಈ ಮಾತು ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ನಾನು ಮೆಚ್ಚಿದ ಧಾರಾವಾಹಿಗಳನ್ನು ಸಾಲಾಗಿ ಜೋಡಿಸಿ ನೋಡಿದರೆ, ಅವುಗಳ ಅತ್ಯುತ್ತಮ ಕಂತುಗಳು ಹುಟ್ಟಿದ್ದು ಬಹುಪಾಲು ದುಡ್ಡಿಲ್ಲದಾಗ, ಸಮಯವಿಲ್ಲದಾಗ, ಅಥವಾ ಹೇಳಬೇಕಾದ್ದನ್ನು ನೇರವಾಗಿ ಹೇಳಲು ಬಿಡದಿದ್ದಾಗ.

ಸಾಫ್ಟ್‌ವೇರ್ ಕೆಲಸದಲ್ಲಿರುವವರಿಗೆ ಇದು ಹೊಸದಲ್ಲ. ಮೆಮೊರಿ ಕಡಿಮೆ ಇದ್ದ ಕಾಲದಲ್ಲಿ ಬರೆದ ಪ್ರೋಗ್ರಾಮುಗಳು ಎಷ್ಟು ಅಚ್ಚುಕಟ್ಟಾಗಿರುತ್ತಿದ್ದವು ಎಂದು ನಮ್ಮ ಹಿರಿಯರು ಹೇಳುತ್ತಲೇ ಇರುತ್ತಾರೆ. ಟಿವಿಯ ಕಥೆಯೂ ಹಾಗೆಯೇ. ಗ್ರಹವೊಂದನ್ನು ಸ್ಫೋಟಿಸಿ ತೋರಿಸಲು ಹಣವಿಲ್ಲದಾಗ, ಇಬ್ಬರು ಒಂದು ಕೋಣೆಯಲ್ಲಿ ಕೂತು ಆ ಗ್ರಹವನ್ನು ಸ್ಫೋಟಿಸಬೇಕೇ ಬೇಡವೇ ಎಂದು ವಾದಿಸಬೇಕಾಗುತ್ತದೆ. ನೆನಪಿನಲ್ಲಿ ಉಳಿಯುವುದು ಆ ವಾದವೇ.

ಈ ಪಟ್ಟಿಗೆ ನಾನಿಟ್ಟುಕೊಂಡ ಅಳತೆ ಒಂದೇ. ಟಿವಿ ಆಫ್ ಮಾಡಿದ ಮೇಲೂ ಒಂದು ಪ್ರಶ್ನೆ ತಲೆಯಲ್ಲಿ ಉಳಿದಿರಬೇಕು. ಕಾಲಕ್ರಮದಲ್ಲಿ ಬರೆಯುತ್ತೇನೆ. ಹಳೆಯ ಕಂತುಗಳ ಗುಟ್ಟು ಒಂದೆರಡನ್ನು ಬಿಟ್ಟುಕೊಟ್ಟಿದ್ದೇನೆ, ಹೊಸವುಗಳದ್ದನ್ನು ಆದಷ್ಟು ಉಳಿಸಿದ್ದೇನೆ.

ದಿ ಟ್ವೈಲೈಟ್ ಝೋನ್ (1959–1964)

ಅಮೆರಿಕದ ರಾಡ್ ಸರ್ಲಿಂಗ್ ಎರಡನೇ ಮಹಾಯುದ್ಧದಲ್ಲಿ ಪ್ಯಾರಾಟ್ರೂಪರ್ ಆಗಿದ್ದವರು. ಯುದ್ಧ ಮುಗಿಸಿ ಬಂದು ಟಿವಿಗೆ ನಾಟಕ ಬರೆಯತೊಡಗಿದರು. 1955ರಲ್ಲಿ ಮಿಸಿಸಿಪಿಯಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗನನ್ನು ಬಿಳಿಯರು ಕೊಂದರು, ಕೊಂದವರು ಖುಲಾಸೆಯಾದರು. ಸರ್ಲಿಂಗ್ ಆ ಘಟನೆಯಿಂದ ಪ್ರೇರಿತವಾಗಿ ಒಂದು ನಾಟಕ ಬರೆದರು. ಪ್ರಾಯೋಜಕರಿಗೆ ಗಾಬರಿ. ಕಥೆ ನಡೆಯುವ ಊರನ್ನು ದಕ್ಷಿಣದಿಂದ ನ್ಯೂ ಇಂಗ್ಲೆಂಡಿಗೆ ಎತ್ತಿ ಹಾಕಿಸಿದರು. ದಕ್ಷಿಣದ ರಾಜ್ಯಗಳ ನೆನಪು ತರುತ್ತದೆ ಎಂದು ಕೋಕಾ-ಕೋಲಾ ಬಾಟಲಿಯನ್ನೂ ದೃಶ್ಯದಿಂದ ತೆಗೆಸಿದರು. 1956ರಲ್ಲಿ ನಾಟಕ ಪ್ರಸಾರವಾದಾಗ ಅದರಲ್ಲಿ ಮೂಲದ ಕಾವು ಉಳಿದಿರಲಿಲ್ಲ.

ಸರ್ಲಿಂಗ್ ಇದರಿಂದ ಕಲಿತ ಪಾಠ ಸರಳ. ರಾಜಕಾರಣಿ ಆಡಿದರೆ ಕತ್ತರಿ ಬೀಳುವ ಮಾತನ್ನು ಮಂಗಳ ಗ್ರಹದವನು ಆಡಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹಾಗೆ ಹುಟ್ಟಿದ್ದು ಟ್ವೈಲೈಟ್ ಝೋನ್. ಒಟ್ಟು 156 ಕಂತುಗಳು, ಪ್ರತಿ ಕಂತಿಗೂ ಬೇರೆ ಕಥೆ, ಬೇರೆ ಪಾತ್ರಗಳು. ಅವುಗಳಲ್ಲಿ 92ನ್ನು ಸರ್ಲಿಂಗ್ ಒಬ್ಬರೇ ಬರೆದರು.

ಎಲ್ಲರೂ ನೋಡಲೇಬೇಕಾದ ಕಂತು ‘ದಿ ಮಾನ್‌ಸ್ಟರ್ಸ್ ಆರ್ ಡ್ಯೂ ಆನ್ ಮೇಪಲ್ ಸ್ಟ್ರೀಟ್’. ಒಂದು ಸಾಧಾರಣ ಬೀದಿ. ಆಕಾಶದಲ್ಲಿ ಏನೋ ಮಿಂಚಿ ಹೋಗುತ್ತದೆ, ಕರೆಂಟ್ ಹೋಗುತ್ತದೆ, ಫೋನು ಕಾರು ಎಲ್ಲ ನಿಲ್ಲುತ್ತವೆ. ಅನ್ಯಗ್ರಹದವರು ಮನುಷ್ಯರ ವೇಷದಲ್ಲಿ ನಮ್ಮ ನಡುವೆಯೇ ಇದ್ದಾರಂತೆ ಎಂದು ಒಬ್ಬ ಹುಡುಗ ತಾನು ಓದಿದ ಕಥೆ ಹೇಳುತ್ತಾನೆ. ಅಷ್ಟೇ ಸಾಕಾಗುತ್ತದೆ. ‘ಇವನ ಕಾರು ಮಾತ್ರ ಹೇಗೆ ಸ್ಟಾರ್ಟ್ ಆಯಿತು?’, ‘ಅವನೇಕೆ ರಾತ್ರಿ ಹೊರಗೆ ನಿಂತು ಆಕಾಶ ನೋಡುತ್ತಾನೆ?’ ಎಂದು ಶುರುವಾಗಿ, ಬೆಳಗಿನವರೆಗೆ ನಗುತ್ತಾ ಮಾತಾಡಿಕೊಂಡಿದ್ದ ನೆರೆಹೊರೆಯವರು ರಾತ್ರಿಯಾಗುವುದರೊಳಗೆ ಒಬ್ಬರ ಮೇಲೊಬ್ಬರು ಕಲ್ಲೆಸೆಯುತ್ತಾರೆ. ಅನ್ಯಗ್ರಹದವರು ಮಾಡಿದ್ದು ಕರೆಂಟ್ ತೆಗೆದದ್ದು ಮಾತ್ರ.

1960ರಲ್ಲಿ ಬಂದ ಈ ಅರ್ಧ ಗಂಟೆಯ ಕಂತನ್ನು ಇಂದು ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನ ಪಕ್ಕದಲ್ಲಿಟ್ಟು ನೋಡಿ. ‘ಫಾರ್ವರ್ಡ್ ಆಗಿ ಬಂದಿದೆ’ ಎಂಬ ಒಂದು ಸಾಲಿನಿಂದ ಯಾರ ಮೇಲೆ ಯಾರಿಗೆ ಅನುಮಾನ ಹುಟ್ಟಿತು ಎಂಬುದನ್ನು ನೆನಪಿಸಿಕೊಳ್ಳಿ.

ಡಾಕ್ಟರ್ ಹೂ (1963ರಿಂದ)

ಬಿಬಿಸಿಯ ಈ ಧಾರಾವಾಹಿ ಕೊರತೆಯನ್ನೇ ಬಂಡವಾಳ ಮಾಡಿಕೊಂಡಿದ್ದಕ್ಕೆ ಪಠ್ಯಪುಸ್ತಕದಂಥ ಉದಾಹರಣೆ. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಡಾಕ್ಟರ್ ಎಂಬ ಅನ್ಯಗ್ರಹದ ಅಲೆಮಾರಿ ಇದರ ನಾಯಕ. ಮೊದಲ ಕಂತು ಪ್ರಸಾರವಾದದ್ದು 1963ರ ನವೆಂಬರ್ 23ರಂದು, ಅಂದರೆ ಕೆನಡಿ ಹತ್ಯೆಯ ಮರುದಿನ. ಆ ಗದ್ದಲದಲ್ಲಿ ನೋಡಿದವರು ಕಡಿಮೆಯೆಂದು ಮುಂದಿನ ವಾರ ಅದನ್ನೇ ಮರುಪ್ರಸಾರ ಮಾಡಿದರು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಮೊದಲ ಕಥೆಯ ನಿರ್ದೇಶಕ ವಾರಿಸ್ ಹುಸೇನ್ ನಮ್ಮ ಲಖನೌದಲ್ಲಿ ಹುಟ್ಟಿದವರು.

ಕಾಲಯಾನದ ಯಂತ್ರವಾದ ಟಾರ್ಡಿಸ್ ಹೋದಲ್ಲೆಲ್ಲ ಸುತ್ತಲಿನ ವಸ್ತುಗಳಂತೆ ವೇಷ ಬದಲಿಸಬೇಕು. ಪ್ರತಿ ಕಥೆಗೂ ಹೊಸದನ್ನು ಕಟ್ಟಿಸಲು ದುಡ್ಡೆಲ್ಲಿ? ವೇಷ ಬದಲಿಸುವ ಭಾಗ ಕೆಟ್ಟು ನಿಂತಿದೆ ಎಂದುಬಿಟ್ಟರು. ಹಾಗಾಗಿ ಅದು ಅರವತ್ತು ವರ್ಷಗಳಿಂದ ಲಂಡನ್ನಿನ ನೀಲಿ ಪೊಲೀಸ್ ಪೆಟ್ಟಿಗೆಯಾಗಿಯೇ ಉಳಿದಿದೆ. ಆ ಯಂತ್ರ ಹೊರಡುವಾಗಿನ ಪ್ರಸಿದ್ಧ ಸದ್ದನ್ನು ಬ್ರಯಾನ್ ಹಾಡ್ಜ್‌ಸನ್ ಮಾಡಿದ್ದು ಹಳೆಯ ಪಿಯಾನೋದ ತಂತಿಯ ಮೇಲೆ ಮನೆಯ ಬೀಗದ ಕೈಯನ್ನು ಎಳೆದು. ಶೀರ್ಷಿಕೆ ಸಂಗೀತದ ರಾಗ ರಾನ್ ಗ್ರೇನರ್ ಅವರದು. ಅದನ್ನು ಡೀಲಿಯಾ ಡರ್ಬಿಶೈರ್ ಸಿಂಥಸೈಜರ್ ಇಲ್ಲದ ಕಾಲದಲ್ಲಿ, ಟೇಪಿನ ಚೂರುಗಳನ್ನು ಕತ್ತರಿಸಿ ಅಂಟಿಸಿ, ಒಂದೊಂದೇ ಸ್ವರವಾಗಿ ಕಟ್ಟಿದರು.

ಎಲ್ಲಕ್ಕಿಂತ ದೊಡ್ಡ ಕೊರತೆ ಎದುರಾದದ್ದು 1966ರಲ್ಲಿ. ಡಾಕ್ಟರ್ ಪಾತ್ರ ಮಾಡುತ್ತಿದ್ದ ವಿಲಿಯಂ ಹಾರ್ಟ್‌ನೆಲ್ ಆರೋಗ್ಯ ಕೆಟ್ಟಿತು. ನಾಯಕನಟನೇ ಹೋದರೆ ಧಾರಾವಾಹಿ ಮುಗಿದಂತೆ ತಾನೆ? ಬರಹಗಾರರು ಒಂದು ಉಪಾಯ ಹೂಡಿದರು. ಡಾಕ್ಟರ್ ಮನುಷ್ಯನಲ್ಲ, ಅವನ ದೇಹ ಸವೆದಾಗ ಹೊಸ ದೇಹ ಬರುತ್ತದೆ ಎಂದರು. ಪ್ಯಾಟ್ರಿಕ್ ಟ್ರೌಟನ್ ಬಂದರು, ಅವರ ನಂತರ ಮತ್ತೊಬ್ಬರು. ನಮ್ಮ ಧಾರಾವಾಹಿಗಳಲ್ಲಿ ನಟ ಬದಲಾದಾಗ ‘ಇನ್ನು ಮುಂದೆ ಈ ಪಾತ್ರದಲ್ಲಿ...’ ಎಂದು ಫಲಕ ಹಾಕಿ ಮುಂದುವರಿಸುತ್ತೇವಲ್ಲ, ಅವರು ಆ ಫಲಕವನ್ನೇ ಕಥೆಯ ಪ್ರಾಣವಾಗಿಸಿದರು. ರೂಪ, ಸ್ವಭಾವ ಎಲ್ಲ ಬದಲಾದ ಮೇಲೂ ಅದೇ ವ್ಯಕ್ತಿ ಎನ್ನಲು ಉಳಿಯುವುದೇನು ಎಂಬ ಪ್ರಶ್ನೆಯನ್ನು ಧಾರಾವಾಹಿ ಇಂದಿಗೂ ಕೇಳುತ್ತಿದೆ. 1989ರಲ್ಲಿ ನಿಂತು 2005ರಲ್ಲಿ ಮತ್ತೆ ಶುರುವಾಗಲು ಸಾಧ್ಯವಾದದ್ದೂ ಇದರಿಂದಲೇ.

ಹೊಸಬರು 2007ರ ‘ಬ್ಲಿಂಕ್’ ಕಂತಿನಿಂದ ಶುರು ಮಾಡಬಹುದು. ಶೂಟಿಂಗ್ ವೇಳಾಪಟ್ಟಿಯ ಒತ್ತಡದಿಂದ ನಾಯಕನೇ ಹೆಚ್ಚು ಹೊತ್ತು ಕಾಣಿಸಿಕೊಳ್ಳದ ಕಂತು ಇದು. ಇಲ್ಲಿನ ರಾಕ್ಷಸರು ಕಲ್ಲಿನ ದೇವತೆಗಳ ಪ್ರತಿಮೆಗಳು. ನೀವು ನೋಡುತ್ತಿರುವಷ್ಟು ಹೊತ್ತು ಅವು ಬರೀ ಕಲ್ಲು, ಕಣ್ಣು ಮಿಟುಕಿಸಿದರೆ ಒಂದು ಹೆಜ್ಜೆ ಹತ್ತಿರ. ಮಕ್ಕಳು ಆಡುವ ‘ಸ್ಟ್ಯಾಚ್ಯೂ’ ಆಟ ಅಷ್ಟೇ. ಅಲುಗಾಡುವುದನ್ನು ಒಮ್ಮೆಯೂ ತೋರಿಸದ ರಾಕ್ಷಸನಿಗಿಂತ ಅಗ್ಗದ ರಾಕ್ಷಸ ಇನ್ನಾವುದು? ಅಷ್ಟು ಭಯ ಹುಟ್ಟಿಸಿದ ಇನ್ನೊಂದು ರಾಕ್ಷಸನನ್ನು ನಾನು ಟಿವಿಯಲ್ಲಿ ಕಂಡಿಲ್ಲ.

ಸ್ಟಾರ್ ಟ್ರೆಕ್ (1966–1969)

ಜೀನ್ ರಾಡೆನ್‌ಬೆರಿ ಸೃಷ್ಟಿಸಿದ ಈ ಧಾರಾವಾಹಿ 80ರ ದಶಕದಲ್ಲಿ ನಮ್ಮ ದೂರದರ್ಶನದಲ್ಲೂ ಬಂದಿತ್ತು. ನಮಗಿಂತ ಒಂದು ಪೀಳಿಗೆ ಹಿರಿಯರನ್ನು ಕೇಳಿದರೆ ಸ್ಪಾಕ್‌ನ ಚೂಪು ಕಿವಿ ಥಟ್ಟನೆ ನೆನಪಾಗುತ್ತದೆ. ಮನುಷ್ಯರನ್ನು ಕಣಕಣವಾಗಿ ಕರಗಿಸಿ ಗ್ರಹದ ಮೇಲೆ ಮತ್ತೆ ಜೋಡಿಸುವ ‘ಟ್ರಾನ್ಸ್‌ಪೋರ್ಟರ್’ ಹುಟ್ಟಿದ್ದೂ ಖರ್ಚಿನ ಲೆಕ್ಕಾಚಾರದಿಂದ. ವಾರವಾರವೂ ದೊಡ್ಡ ನೌಕೆಯನ್ನು ಗ್ರಹದ ಮೇಲೆ ಇಳಿಸಿ ತೋರಿಸುವುದು ದುಬಾರಿ. ಹೊಳೆಯುವ ಬೆಳಕಿನಲ್ಲಿ ಮಾಯವಾಗುವುದು ಅಗ್ಗ.

1967ರ ‘ದಿ ಡೆವಿಲ್ ಇನ್ ದಿ ಡಾರ್ಕ್’ ನನ್ನ ಆಯ್ಕೆ. ದೂರದ ಗ್ರಹವೊಂದರ ಗಣಿಯಲ್ಲಿ ಒಂದು ಪ್ರಾಣಿ ಕಾರ್ಮಿಕರನ್ನು ಕೊಲ್ಲುತ್ತಿದೆ. ನೋಡಲು ಅದು ರಬ್ಬರ್ ಕಂಬಳಿಯ ಕೆಳಗೆ ಒಬ್ಬ ಮನುಷ್ಯ ತೆವಳಿದಂತೆ ಕಾಣುತ್ತದೆ. ನಿಜಕ್ಕೂ ಅದು ಅದೇ! ಮೊದಲ ನೋಟಕ್ಕೆ ನಗು ಬರುತ್ತದೆ. ಆಮೇಲೆ ತಿಳಿಯುತ್ತದೆ: ಅದು ಸಿಲಿಕಾನ್‌ನಿಂದಾದ ಜೀವಿ, ಒಬ್ಬ ತಾಯಿ. ಕೆಲಸಕ್ಕೆ ಬಾರದ ಕಲ್ಲುಗುಂಡು ಎಂದು ಕಾರ್ಮಿಕರು ಸಾವಿರಗಟ್ಟಲೆ ಒಡೆದು ಹಾಕಿದ್ದು ಅದರ ಮೊಟ್ಟೆಗಳನ್ನು. ನೌಕೆಯ ವೈದ್ಯ ಆ ಪ್ರಾಣಿಯ ಗಾಯಕ್ಕೆ ಮೇಸ್ತ್ರಿಯ ಹಾಗೆ ಕಾಂಕ್ರೀಟ್ ಮೆತ್ತುವ ಹೊತ್ತಿಗೆ ನಮ್ಮ ಕಣ್ಣಲ್ಲಿ ನೀರಿರುತ್ತದೆ, ರಬ್ಬರ್ ಕಂಬಳಿ ಮರೆತುಹೋಗಿರುತ್ತದೆ. ಗಣಿ ಎಂದರೆ ಬಳ್ಳಾರಿ, ಸಂಡೂರು, ಕುದುರೆಮುಖ ನೆನಪಾಗುವ ನಮಗೆ ‘ಯಾರ ಮನೆಯನ್ನು ಅಗೆಯುತ್ತಿದ್ದೇವೆ?’ ಎಂಬ ಪ್ರಶ್ನೆ ದೂರದ್ದಲ್ಲ.

ಶೀತಲ ಸಮರದ ನಡುವೆ ಒಂದೇ ನೌಕೆಯ ಚುಕ್ಕಾಣಿ ಕೋಣೆಯಲ್ಲಿ ರಷ್ಯನ್, ಜಪಾನಿ ಮೂಲದವನು, ಆಫ್ರಿಕನ್ ಮಹಿಳೆ ಕೂತದ್ದು ಸಣ್ಣ ಸಂಗತಿಯಲ್ಲ. ಉಹುರಾ ಪಾತ್ರದ ನಿಶೆಲ್ ನಿಕೋಲ್ಸ್ ಧಾರಾವಾಹಿ ಬಿಡಲು ಹೊರಟಾಗ, ಬಿಡಬೇಡಿ ಎಂದು ಹೇಳಿದವರು ಮಾರ್ಟಿನ್ ಲೂಥರ್ ಕಿಂಗ್. ಇದನ್ನು ನಿಕೋಲ್ಸ್ ಅವರೇ ಹಲವು ಬಾರಿ ಹೇಳಿಕೊಂಡಿದ್ದಾರೆ. ಉಹುರಾಳನ್ನು ನೋಡಿ ಬೆಳೆದ ಮೇ ಜೆಮಿಸನ್ 1992ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಆಫ್ರಿಕನ್-ಅಮೆರಿಕನ್ ಮಹಿಳೆಯಾದರು. ಇಷ್ಟಾಗಿಯೂ ಈ ಧಾರಾವಾಹಿ ಮೂರೇ ಸೀಸನ್, 79 ಕಂತಿಗೆ ನಿಂತುಹೋಗಿತ್ತು. ಅದು ದೊಡ್ಡದಾದದ್ದು ಮರುಪ್ರಸಾರಗಳಲ್ಲಿ.

ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್ (1987–1994)

ಒಂದೇ ಒಂದು ಧಾರಾವಾಹಿ ಉಳಿಸಿಕೋ ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ. ಅದಕ್ಕೆ ಕಾರಣ ಎರಡು ಕಂತುಗಳು.

ಮೊದಲನೆಯದು 1989ರ ‘ದಿ ಮೆಷರ್ ಆಫ್ ಎ ಮ್ಯಾನ್’. ಡೇಟಾ ಎಂಬ ಯಂತ್ರಮಾನವ ನೌಕೆಯ ಅಧಿಕಾರಿ. ಅವನನ್ನು ಬಿಚ್ಚಿ, ಅಧ್ಯಯನ ಮಾಡಿ, ಅವನಂಥವರನ್ನು ಸಾಲುಸಾಲಾಗಿ ತಯಾರಿಸಬೇಕೆಂದು ಒಬ್ಬ ವಿಜ್ಞಾನಿ ಬರುತ್ತಾನೆ. ಡೇಟಾ ಒಲ್ಲೆ ಎನ್ನುತ್ತಾನೆ. ಒಲ್ಲೆ ಎನ್ನುವ ಹಕ್ಕು ಅವನಿಗಿದೆಯೇ? ಅವನು ವ್ಯಕ್ತಿಯೋ, ಸಂಸ್ಥೆಯ ಸ್ವತ್ತೋ? ವಿಚಾರಣೆ ನಡೆಯುತ್ತದೆ. ವಿಧಿಯಿಲ್ಲದೆ ಅವನ ಆಪ್ತ ಸಹೋದ್ಯೋಗಿಯೇ ಅವನ ವಿರುದ್ಧ ವಾದಿಸಬೇಕಾಗುತ್ತದೆ. ವಾದದ ನಡುವೆ ಆತ ಎದ್ದು ಬಂದು ಡೇಟಾನ ಬೆನ್ನಿನ ಸ್ವಿಚ್ ಒತ್ತಿಬಿಡುತ್ತಾನೆ. ಡೇಟಾ ಗೊಂಬೆಯಂತೆ ಕುಸಿಯುತ್ತಾನೆ. ಮಾತಿಲ್ಲದ ಆ ಕ್ಷಣದಂಥ ವಾದ ಇನ್ನೊಂದಿಲ್ಲ.

ಇದನ್ನು ಬರೆದ ಮೆಲಿಂಡಾ ಸ್ನಾಡ್‌ಗ್ರಾಸ್ ಹಿಂದೆ ವಕೀಲರಾಗಿದ್ದವರು. ಇಡೀ ಕಂತು ನಾಲ್ಕಾರು ಕೋಣೆಗಳೊಳಗೆ ಮುಗಿಯುತ್ತದೆ. ಯುದ್ಧವಿಲ್ಲ, ಸ್ಫೋಟವಿಲ್ಲ. ‘ಒಬ್ಬ ಡೇಟಾ ವಿಸ್ಮಯ, ಸಾವಿರ ಡೇಟಾಗಳು ಏನು?’ ಎಂಬ ದಿಕ್ಕಿನಲ್ಲಿ ವಾದ ಹೊರಳಿ, ಕೊನೆಗೆ ಗುಲಾಮಗಿರಿ ಎಂಬ ಪದದ ಬಾಗಿಲಿಗೆ ಬಂದು ನಿಲ್ಲುತ್ತದೆ. ನಮ್ಮಲ್ಲಿ ಅನೇಕರು ದಿನವಿಡೀ ಕೃತಕ ಬುದ್ಧಿಮತ್ತೆಯ ಜೊತೆ ಕೆಲಸ ಮಾಡುವ ಈ ಹೊತ್ತಿನಲ್ಲಿ, ಅದರ ಬಗ್ಗೆ ನಾನು ಕೂತ ಎಷ್ಟೋ ಮೀಟಿಂಗುಗಳಿಗಿಂತ ಈ ಕಂತಿನಲ್ಲಿ ಹೆಚ್ಚು ವಿವೇಕವಿದೆ.

ಎರಡನೆಯದು 1991ರ ‘ಡಾರ್ಮಾಕ್’. ಈ ನೌಕೆಯಲ್ಲಿ ಎಲ್ಲ ಭಾಷೆಗಳನ್ನೂ ಅನುವಾದಿಸುವ ಯಂತ್ರವಿದೆ. ಆದರೆ ಟಮೇರಿಯನ್ ಎಂಬ ಜನರ ಮುಂದೆ ಅದು ಸೋಲುತ್ತದೆ. ಪದಗಳೆಲ್ಲ ಸರಿಯಾಗಿ ಅನುವಾದವಾಗುತ್ತವೆ, ಅರ್ಥ ಮಾತ್ರ ಆಗುವುದಿಲ್ಲ. ಏಕೆಂದರೆ ಅವರು ಮಾತಾಡುವುದೇ ತಮ್ಮ ಪುರಾಣಗಳ ಮೂಲಕ. ಇಂಥ ವೀರ ಇಂಥ ಜಾಗದಲ್ಲಿ ಎಂದರೆ ಗೆಳೆತನ, ಇನ್ನೊಬ್ಬ ಇನ್ನೊಂದು ಕಡೆ ಎಂದರೆ ಸೋಲು. ಕಥೆ ಗೊತ್ತಿಲ್ಲದವನಿಗೆ ಭಾಷೆಯೇ ಇಲ್ಲ.

ನಮಗೆ ಇದು ವಿಚಿತ್ರ ಅನ್ನಿಸಬೇಕಿಲ್ಲ. ಭಗೀರಥ ಪ್ರಯತ್ನ, ಕುಂಭಕರ್ಣ ನಿದ್ದೆ, ತ್ರಿಶಂಕು ಸ್ಥಿತಿ, ಶಬರಿಯ ಹಾಗೆ ಕಾಯುವುದು, ಪುಣ್ಯಕೋಟಿಯಂಥವಳು: ಕನ್ನಡದ ಅರ್ಧ ಮಾತು ನಡೆಯುವುದೇ ಹೀಗೆ. ಪುಣೆ, ದೆಹಲಿ, ಹೈದರಾಬಾದಿನಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ‘ಊಟ ಆಯ್ತಾ, ನೀರು ಕೊಡು’ ಎಲ್ಲ ಸರಾಗ. ಆದರೆ ಅಜ್ಜಿ ಫೋನಿನಲ್ಲಿ ‘ಎಂಥ ಪುಣ್ಯಕೋಟಿ ಕಣೇ ನೀನು’ ಎಂದರೆ ಮಗು ಸುಮ್ಮನೆ ನಮ್ಮ ಮುಖ ನೋಡುತ್ತದೆ. ಪದ ತಲುಪಿದೆ, ಕಥೆ ತಲುಪಿಲ್ಲ. ಮಕ್ಕಳಿಗೆ ಭಾಷೆ ಕಲಿಸುವುದೆಂದರೆ ಪದ ಕಲಿಸುವುದಷ್ಟೇ ಅಲ್ಲ ಎಂದು ಎಷ್ಟೋ ಜನ ಹೇಳಿದ್ದಾರೆ. ನನಗೆ ಅದು ಮನಸ್ಸಿಗೆ ನಾಟಿದ್ದು ಈ 45 ನಿಮಿಷಗಳಲ್ಲಿ.

ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ (2003–2009)

70ರ ದಶಕದ ಹಳೆಯ ಧಾರಾವಾಹಿಯನ್ನು ರೊನಾಲ್ಡ್ ಮೂರ್ ಹೊಸದಾಗಿ ಕಟ್ಟಿದರು. ಸೈಲಾನ್ ಎಂಬ ಯಂತ್ರಜೀವಿಗಳು ದಾಳಿ ಮಾಡಿ ಮನುಷ್ಯಕುಲವನ್ನೇ ಅಳಿಸಿಹಾಕುತ್ತವೆ. ಉಳಿದವರು ಸುಮಾರು 50 ಸಾವಿರ ಜನ, ಕೆಲವು ಹಡಗುಗಳು, ಕಾವಲಿಗೆ ಒಂದು ಹಳೇ ಯುದ್ಧನೌಕೆ. ಆ ನೌಕೆ ಉಳಿದದ್ದೇಕೆ? ಅದರ ಕಂಪ್ಯೂಟರುಗಳನ್ನು ನೆಟ್‌ವರ್ಕ್‌ಗೆ ಜೋಡಿಸಲು ಅದರ ಮುಖ್ಯಸ್ಥ ಅಡಾಮಾ ಒಪ್ಪದಿದ್ದುದರಿಂದ. ನಮ್ಮ ಸೈಬರ್ ಸೆಕ್ಯುರಿಟಿ ಗೆಳೆಯರು ಈ ಭಾಗವನ್ನು ಚಪ್ಪಾಳೆ ತಟ್ಟಿ ನೋಡುತ್ತಾರೆ.

‘33’ ಎಂಬ ಮೊದಲ ಕಂತನ್ನು ಆನ್-ಕಾಲ್ ಡ್ಯೂಟಿ ಮಾಡಿದವರೆಲ್ಲ ನೋಡಬೇಕು. ಪ್ರತಿ 33 ನಿಮಿಷಕ್ಕೊಮ್ಮೆ ಶತ್ರು ಬರುತ್ತಾನೆ, ಪ್ರತಿ ಸಲ ಅಲ್ಲಿಂದ ಜಿಗಿದು ತಪ್ಪಿಸಿಕೊಳ್ಳಬೇಕು. ಐದು ದಿನದಿಂದ ಯಾರೂ ಮಲಗಿಲ್ಲ. ಕಣ್ಣು ಕೆಂಪು, ಕೈ ನಡುಗುತ್ತದೆ, ಸಣ್ಣ ಮಾತಿಗೂ ರೇಗು. ಅಂಥ ಸ್ಥಿತಿಯಲ್ಲಿ, ಸಾವಿರಕ್ಕೂ ಹೆಚ್ಚು ಜನರಿದ್ದಿರಬಹುದಾದ ತಮ್ಮದೇ ಒಂದು ಹಡಗನ್ನು ಹೊಡೆದುರುಳಿಸಬೇಕೇ ಎಂದು ತೀರ್ಮಾನಿಸಬೇಕು. ರಾಷ್ಟ್ರಾಧ್ಯಕ್ಷೆಯ ಕೋಣೆಯಲ್ಲಿ ಒಂದು ಬಿಳಿ ಬೋರ್ಡ್, ಅದರ ಮೇಲೆ ಬದುಕುಳಿದವರ ಸಂಖ್ಯೆ. ಆ ಸಂಖ್ಯೆ ಇಳಿಯುತ್ತಲೇ ಇರುತ್ತದೆ. ಕೊನೆಯಲ್ಲಿ ಒಂದು ಮಗು ಹುಟ್ಟುತ್ತದೆ, ಅವಳು ಬೋರ್ಡಿನ ಸಂಖ್ಯೆಗೆ ಒಂದು ಸೇರಿಸುತ್ತಾಳೆ. ಒಂದು ಬೋರ್ಡು, ಒಂದು ಮಾರ್ಕರ್ ಪೆನ್ನು ಮಾಡಿದ ಕೆಲಸವನ್ನು ನೂರು ಸ್ಫೋಟಗಳು ಮಾಡಲಾರವು.

ಸೈಲಾನ್‌ಗಳಲ್ಲಿ ಕೆಲವು ಥೇಟ್ ಮನುಷ್ಯರಂತೆಯೇ ಇರುತ್ತವೆ. ಲೋಹದ ವೇಷ ಬೇಕಿಲ್ಲ, ಪಕ್ಕದಲ್ಲಿ ಕೂತವನೇ ಶತ್ರುವಾಗಿರಬಹುದು. ಇರಾಕ್ ಯುದ್ಧದ ದಿನಗಳಲ್ಲಿ, ಆಕ್ರಮಣಕ್ಕೆ ಒಳಗಾದವರ ಜಾಗದಲ್ಲಿ ಅಮೆರಿಕದ ನೋಡುಗರನ್ನು ಕೂರಿಸಿದ ಧಾರಾವಾಹಿಯಿದು. 2009ರಲ್ಲಿ ವಿಶ್ವಸಂಸ್ಥೆಯ ಕಚೇರಿಯಲ್ಲೇ ಇದರ ಕುರಿತು ಚರ್ಚಾಗೋಷ್ಠಿ ನಡೆದದ್ದು ಸುಮ್ಮನೆ ಅಲ್ಲ.

ಬ್ಲ್ಯಾಕ್ ಮಿರರ್ (2011ರಿಂದ)

ಚಾರ್ಲಿ ಬ್ರೂಕರ್ ಅವರ ಈ ಸರಣಿ ಟ್ವೈಲೈಟ್ ಝೋನ್‌ನ ಮೊಮ್ಮಗ. ಬ್ರಿಟನ್ನಿನ ಚಾನೆಲ್ 4ರಲ್ಲಿ ಹುಟ್ಟಿ ಆಮೇಲೆ ನೆಟ್‌ಫ್ಲಿಕ್ಸ್‌ಗೆ ಹೋಯಿತು. ಹೆಸರಿನ ಕಪ್ಪು ಕನ್ನಡಿ ಎಂದರೆ ನಮ್ಮ ಕೈಯಲ್ಲಿರುವ, ಆಫ್ ಆದ ಮೊಬೈಲ್ ಪರದೆ. ನನಗೆ ದುಡ್ಡು ಸುರಿದ ಈಚಿನ ಕಂತುಗಳಿಗಿಂತ ಹಳೆಯ ಸಣ್ಣ ಕಂತುಗಳೇ ಇಷ್ಟ. 2013ರ ‘ಬಿ ರೈಟ್ ಬ್ಯಾಕ್’ನಲ್ಲಿ ಅಪಘಾತದಲ್ಲಿ ಸಂಗಾತಿಯನ್ನು ಕಳೆದುಕೊಂಡ ಹೆಣ್ಣೊಬ್ಬಳು, ಅವನ ಹಳೆಯ ಮೆಸೇಜುಗಳಿಂದ ಅವನಂತೆಯೇ ಮಾತಾಡುವ ಪ್ರೋಗ್ರಾಂ ಒಂದನ್ನು ಪಡೆಯುತ್ತಾಳೆ. ಒಂದು ಹಳ್ಳಿಮನೆ, ಇಬ್ಬರು ನಟರು. ಅಂದು ಕಲ್ಪನೆಯಾಗಿದ್ದದ್ದು ಇಂದು ನಮ್ಮಂಥವರೇ ಕಟ್ಟಬಹುದಾದ ಪ್ರಾಜೆಕ್ಟ್. ಕಟ್ಟಬಹುದು ಸರಿ, ಕಟ್ಟಬೇಕೇ?

ದಿ ಎಕ್ಸ್‌ಪ್ಯಾನ್ಸ್ (2015–2022)

ಇದು ದುಡ್ಡು ಖರ್ಚು ಮಾಡಿಯೇ ತೆಗೆದ ಧಾರಾವಾಹಿ. ಆದರೆ ಕಥೆಯೊಳಗೇ ಕೊರತೆ ತುಂಬಿದೆ. ಮುನ್ನೂರು ವರ್ಷಗಳಾಚೆ ಮನುಷ್ಯ ಮಂಗಳದಲ್ಲೂ ಕ್ಷುದ್ರಗ್ರಹಗಳ ಪಟ್ಟಿಯಲ್ಲೂ ನೆಲೆಸಿದ್ದಾನೆ. ಕ್ಷುದ್ರಗ್ರಹಗಳ ಕೂಲಿಕಾರರಾದ ಬೆಲ್ಟರ್‌ಗಳಿಗೆ ಗಾಳಿಯೂ ದುಡ್ಡಿಗೆ, ನೀರೂ ದುಡ್ಡಿಗೆ. ಕಥೆ ಶುರುವಾಗುವುದು ಶನಿಗ್ರಹದ ಉಂಗುರಗಳಿಂದ ಮಂಜುಗಡ್ಡೆ ಹೊತ್ತು ತರುವ ಹಡಗೊಂದರಿಂದ. ಸರಳವಾಗಿ ಹೇಳುವುದಾದರೆ, ನೀರಿನ ಟ್ಯಾಂಕರ್! ಚೆನ್ನೈನಲ್ಲಿ 2019ರ ಬೇಸಿಗೆ ಕಳೆದವರಿಗೆ, ಬೆಂಗಳೂರಿನ ಹೊರವಲಯದಲ್ಲಿ ಮನೆ ಮಾಡಿದವರಿಗೆ, ಆ ಟ್ಯಾಂಕರ್ ಬರದಿದ್ದರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ.

ಇಲ್ಲಿನ ವಿಜ್ಞಾನ ಶಿಸ್ತಿನದು. ನೌಕೆಯ ಮಹಡಿಗಳು ಕಟ್ಟಡದಂತೆ ಒಂದರ ಮೇಲೊಂದು ಇರುತ್ತವೆ, ಏಕೆಂದರೆ ಎಂಜಿನ್ ತಳ್ಳುವ ಬಲವೇ ಒಳಗಿನವರಿಗೆ ಗುರುತ್ವ. ಅರ್ಧ ದಾರಿ ವೇಗ ಹೆಚ್ಚಿಸುತ್ತಾ ಹೋಗಿ, ನಡುವೆ ನೌಕೆಯನ್ನು ಹಿಂದುಮುಂದಾಗಿ ತಿರುಗಿಸಿ, ಉಳಿದರ್ಧ ದಾರಿ ವೇಗ ಇಳಿಸುತ್ತಾ ಹೋಗುತ್ತಾರೆ. ಕಡಿಮೆ ಗುರುತ್ವದಲ್ಲಿ ಹುಟ್ಟಿದ ಬೆಲ್ಟರ್‌ಗಳ ಮೂಳೆಗೆ ಭೂಮಿಯ ಭಾರ ತಡೆಯದು.

ನನ್ನನ್ನು ಹಿಡಿದು ಕೂರಿಸಿದ್ದು ಅವರ ಭಾಷೆ. ಎಲ್ಲೆಲ್ಲಿಂದಲೋ ಕೆಲಸಕ್ಕೆ ಬಂದವರು ಸೇರಿ ಮಾಡಿಕೊಂಡ ಹಲವು ನುಡಿಗಳ ಬೆರಕೆಯದು. ಅದನ್ನು ಧಾರಾವಾಹಿಗಾಗಿ ರೂಪಿಸಿದವರು ಭಾಷಾತಜ್ಞ ನಿಕ್ ಫಾರ್ಮರ್. ‘ಬೆಲ್ಟಾಲೌಡಾ’ ಎಂದರೆ ‘ನಾವು ಬೆಲ್ಟರುಗಳು’. ಬಾಹ್ಯಾಕಾಶದ ಉಡುಪಿನೊಳಗೆ ಮುಖ ಕಾಣದು, ಆದ್ದರಿಂದ ಅವರು ಹೌದು, ಇಲ್ಲ ಎಂಬುದನ್ನೆಲ್ಲ ಕೈಯಲ್ಲೇ ಹೇಳುತ್ತಾರೆ. ಅಧಿಕಾರಿಗಳ ಮುಂದೆ ಒಂದು ಭಾಷೆ, ತಮ್ಮವರ ನಡುವೆ ಇನ್ನೊಂದು. ಮುಂಬಯಿಯಲ್ಲಿ ಕನ್ನಡದ ನಡುವೆ ಮರಾಠಿ ‘ಕಾಯ್’ ತೂರಿಸಿ, ಲಿಫ್ಟಿನಲ್ಲಿ ಹಿಂದಿ ಮಾತಾಡಿ, ಊರಿಗೆ ಹೋದಾಗ ‘ನಿನ್ನ ಕನ್ನಡ ಏನೋ ಬೇರೆ ಥರ ಇದೆಯಲ್ಲೋ’ ಎನ್ನಿಸಿಕೊಳ್ಳುವ ನಮಗೆ ಬೆಲ್ಟರ್‌ಗಳು ದೂರದವರಲ್ಲ. ಮೂರು ಸೀಸನ್ ನಂತರ 2018ರಲ್ಲಿ ನಿಂತುಹೋದ ಇದನ್ನು ಉಳಿಸಿ ಎಂದು ಅಭಿಮಾನಿಗಳು ವಿಮಾನಕ್ಕೆ ಬ್ಯಾನರ್ ಕಟ್ಟಿ ಅಮೆಜಾನ್ ಸ್ಟುಡಿಯೋದ ಮೇಲೆ ಹಾರಿಸಿದರು. ಧಾರಾವಾಹಿ ಉಳಿಯಿತು.

ಡಾರ್ಕ್ (2017–2020)

ನೆಟ್‌ಫ್ಲಿಕ್ಸ್‌ನ ಮೊದಲ ಜರ್ಮನ್ ಧಾರಾವಾಹಿ. ವಿಂಡೆನ್ ಎಂಬ ಕಾಲ್ಪನಿಕ ಸಣ್ಣ ಊರು, ಸುತ್ತ ಕಾಡು, ಬಿಡದ ಮಳೆ, ಒಂದು ಗುಹೆ, ಒಂದು ಅಣುಸ್ಥಾವರ. ಹುಡುಗರು ಕಾಣೆಯಾಗುತ್ತಾರೆ. ಗುಹೆಯ ದಾರಿ 33 ವರ್ಷ ಹಿಂದಕ್ಕೆ ಒಯ್ಯುತ್ತದೆ: 2019, 1986, 1953. ನಾಲ್ಕು ಕುಟುಂಬಗಳ ಸಂಬಂಧ ಎಷ್ಟು ಸಿಕ್ಕಾಗುತ್ತದೆಂದರೆ ಪಕ್ಕದಲ್ಲಿ ಕಾಗದ ಪೆನ್ನು ಇಟ್ಟುಕೊಂಡೇ ನೋಡಬೇಕು. ವಂಶವೃಕ್ಷ, ಗೋತ್ರ, ದಾಯಾದಿ ಸಂಬಂಧಗಳ ಲೆಕ್ಕ ಬಾಯಲ್ಲೇ ಹಾಕುವ ನಮ್ಮ ಅಜ್ಜಿಯಂದಿರು ಬಹುಶಃ ಕಾಗದವಿಲ್ಲದೆಯೇ ಬಿಡಿಸುತ್ತಿದ್ದರು! 26 ಕಂತಿನಲ್ಲಿ, ಎಳೆದಾಡದೆ, ಹೇಳಬೇಕಾದ್ದನ್ನು ಹೇಳಿ ಮುಗಿಸಿದರು. ಒಂದು ನೌಕೆಯೂ ಹಾರುವುದಿಲ್ಲ. ಪಾತ್ರಗಳು ತಮ್ಮ ಊರಿನ ಭಾಷೆ ಬಿಟ್ಟು ಇನ್ನೊಂದನ್ನು ಆಡುವುದಿಲ್ಲ. ಆದರೂ ಜಗತ್ತೇ ಸಬ್‌ಟೈಟಲ್ ಓದಿಕೊಂಡು ನೋಡಿತು.

ಸೆವರೆನ್ಸ್ (2022ರಿಂದ)

ಆಫೀಸಿಗೆ ಹೋಗುವ ಪ್ರತಿಯೊಬ್ಬರಿಗೂ ಇದು ಮೈ ಜುಮ್ಮೆನ್ನಿಸುವ ಕಥೆ. ತಲೆಯಲ್ಲಿ ಚಿಪ್ ಇಟ್ಟು ನೆನಪನ್ನು ಎರಡು ಭಾಗ ಮಾಡುತ್ತಾರೆ. ಒಳಗಿನವನಿಗೆ ಮನೆ ಗೊತ್ತಿಲ್ಲ, ಹೊರಗಿನವನಿಗೆ ಆಫೀಸು ಗೊತ್ತಿಲ್ಲ. ಒಳಗಿನವನಿಗೆ ಸಂಜೆ ಲಿಫ್ಟ್ ಹತ್ತಿದರೆ ಮರುಕ್ಷಣ ಬೆಳಿಗ್ಗೆ. ರಜೆಯಿಲ್ಲ, ನಿದ್ದೆಯ ಅರಿವಿಲ್ಲ. ನಾಯಕ ಇದಕ್ಕೆ ಒಪ್ಪಿದ್ದು ಹೆಂಡತಿ ತೀರಿಕೊಂಡ ದುಃಖವನ್ನು ದಿನಕ್ಕೆ ಎಂಟು ಗಂಟೆಯಾದರೂ ಮರೆಯಲು. ಚಿತ್ರೀಕರಣದ ಬಹುಮುಖ್ಯ ತಾಣ ನ್ಯೂಜೆರ್ಸಿಯ ಹಳೆಯ ಬೆಲ್ ಲ್ಯಾಬ್ಸ್ ಕಟ್ಟಡ. ಬಿಳಿ ಕಾರಿಡಾರು, ಹಸಿರು ನೆಲಹಾಸು, ನಾಲ್ಕು ಮೇಜು, ಇಷ್ಟರಲ್ಲೇ ನರಕ ಕಟ್ಟಿದ್ದಾರೆ. ಸಂಬಳ ಒಬ್ಬನಿಗೆ, ದುಡಿಮೆ ಇನ್ನೊಬ್ಬನಿಗೆ ಎಂಬ ಈ ಏರ್ಪಾಡು ಬರೀ ಕಲ್ಪನೆಯೇ ಎಂದು ಯೋಚಿಸುತ್ತಾ ನಾನು ಮರುದಿನ ಲ್ಯಾಪ್‌ಟಾಪ್ ತೆರೆದಿದ್ದೇನೆ.

ಹಾಗಾದರೆ ಕನ್ನಡದಲ್ಲಿ?

ಈಗ ಮೊದಲಿನ ಮಾತಿಗೆ ಬರೋಣ. ‘ನಮ್ಮಲ್ಲಿ ಎಲ್ಲಿ ಆಗುತ್ತೆ?’

ಭಾರತೀಯ ಟಿವಿ ಪ್ರಯತ್ನಿಸಿಲ್ಲವೆಂದಲ್ಲ. 1998ರಲ್ಲಿ ದೂರದರ್ಶನದಲ್ಲಿ ಕೇತನ್ ಮೆಹ್ತಾ ನಿರ್ದೇಶನದ ‘ಕ್ಯಾಪ್ಟನ್ ವ್ಯೋಮ್’ ಬಂದಿತ್ತು, ಮಿಲಿಂದ್ ಸೋಮನ್ ನಾಯಕ. ನಮ್ಮ ವಯಸ್ಸಿನವರು ಅದನ್ನು ಬಾಯಿಬಿಟ್ಟುಕೊಂಡು ನೋಡಿದೆವು. ಆದರೆ ಅದು ಹೊರಟದ್ದು ನೌಕೆ, ಲೇಸರುಗಳ ದಾರಿಯಲ್ಲಿ. ಅದು ದುಡ್ಡು ಕೇಳುವ ದಾರಿ, ದುಡ್ಡು ಮುಗಿದರೆ ದಾರಿಯೂ ಮುಗಿಯುತ್ತದೆ.

ಕನ್ನಡದ ಬಳಿ ಇರುವುದನ್ನು ಲೆಕ್ಕ ಹಾಕಿ. ರಾಜಶೇಖರ ಭೂಸನೂರಮಠರಂಥವರು ದಶಕಗಳ ಹಿಂದೆಯೇ ಕನ್ನಡದಲ್ಲಿ ವಿಜ್ಞಾನ ಕಥೆಗಳನ್ನು ಬರೆದಿದ್ದಾರೆ. ಶಂಕರ್ ನಾಗ್ ಆಗುಂಬೆಯ ಒಂದು ಬೀದಿಯನ್ನೇ ಮಾಲ್ಗುಡಿಯಾಗಿಸಿ ಇಡೀ ದೇಶವನ್ನು ನಂಬಿಸಿದರು. ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳ ಕೋರ್ಟ್ ದೃಶ್ಯಗಳಿಗಾಗಿ ಮನೆಮಂದಿಯೆಲ್ಲ ಊಟದ ತಟ್ಟೆ ಹಿಡಿದು ಕೂರುತ್ತಿದ್ದದ್ದು ನಮಗೆ ನೆನಪಿದೆ. ಅದೇ ಕೋರ್ಟು, ಅದೇ ಕಟಕಟೆ. ಸಾಕ್ಷಿಯ ಜಾಗದಲ್ಲಿ ಒಂದು ಯಂತ್ರವನ್ನು ನಿಲ್ಲಿಸಿ: ತೀರಿಹೋದ ಯಜಮಾನನ ದನಿಯಲ್ಲಿ ಮಾತಾಡುವ ಪ್ರೋಗ್ರಾಂ, ಆಸ್ತಿ ವ್ಯಾಜ್ಯದಲ್ಲಿ ಅದರ ಮಾತು ಸಾಕ್ಷಿಯಾಗುತ್ತದೆಯೇ? ಹೆಚ್ಚುವರಿ ಖರ್ಚು ಒಂದು ಸ್ಪೀಕರ್ ಡಬ್ಬಿ. ಕಾಡು, ಮಳೆ, ಗುಹೆ, ಅಣುಸ್ಥಾವರ ಬೇಕೇ? ಉತ್ತರ ಕನ್ನಡದಲ್ಲಿ ಕೈಗಾ ಇದೆ, ಯಾಣವಿದೆ, ನಾಲ್ಕು ತಿಂಗಳು ಬಿಡದ ಮಳೆಯಿದೆ. ಅಣೆಕಟ್ಟೆಗಳಲ್ಲಿ ಮುಳುಗಿದ ಊರುಗಳಿವೆ. 33 ವರ್ಷ ಹಿಂದಕ್ಕೆ ಹೋಗಲು ಅವುಗಳಿಗಿಂತ ಒಳ್ಳೆಯ ಜಾಗ ಯಾವುದು?

ಬಾಕಿ ಇರುವುದು ಬರೆಯುವವರು ಮತ್ತು ನೋಡುವವರು. ಈ ಪತ್ರಿಕೆಯ ಓದುಗರಲ್ಲಿ ಕೋಡ್ ಬರೆಯುವವರಿದ್ದಾರೆ, ಮುಂಬಯಿ ಹೈದರಾಬಾದಿನಲ್ಲಿ ಎಡಿಟಿಂಗ್ ಗ್ರಾಫಿಕ್ಸ್ ಮಾಡುವವರಿದ್ದಾರೆ, ಕನ್ನಡ ಸಂಘದ ನಾಟಕಕ್ಕೆ ವರ್ಷಾವರ್ಷ ಬಣ್ಣ ಹಚ್ಚುವವರಿದ್ದಾರೆ. ರಾಜ್ಯೋತ್ಸವದ ವೇದಿಕೆಯಲ್ಲಿ ಅರ್ಧ ಗಂಟೆಯ ಒಂದು ವಿಜ್ಞಾನ ನಾಟಕ, ಇಲ್ಲವೇ ಫೋನಿನಲ್ಲೇ ರೆಕಾರ್ಡ್ ಮಾಡಿದ ನಾಲ್ಕು ಕಂತಿನ ಧ್ವನಿ ನಾಟಕ. ಶುರುವಾತಿಗೆ ಅಷ್ಟು ಸಾಕು. ಸರ್ಲಿಂಗ್‌ಗೆ ಬೇಕಾದದ್ದು ಒಂದು ಬೀದಿ ಮತ್ತು ಹೋದ ಕರೆಂಟು. ಬೀದಿ ನಮ್ಮಲ್ಲೂ ಇದೆ, ಕರೆಂಟು ಹೋಗುವುದಂತೂ ಕೇಳಲೇಬೇಡಿ.

ನಿಮ್ಮ ಪಟ್ಟಿ ಬೇರೆಯಿರಬಹುದು. ‘ಎಕ್ಸ್-ಫೈಲ್ಸ್’ ಎಲ್ಲಿ, ‘ಫೈರ್‌ಫ್ಲೈ’ ಎಲ್ಲಿ ಎಂದು ಜಗಳಕ್ಕೆ ಬರುವವರು ಖಂಡಿತ ಬನ್ನಿ. ಬರುವಾಗ ಕನ್ನಡದಲ್ಲಿ ಮಾಡಬಹುದಾದ ಒಂದು ಕಥೆಯ ಎಳೆಯನ್ನೂ ತನ್ನಿ.